ಮೋರಿಕಟ್ಟೆಯ ಓಟಿಪಿ

ಕಂಪ್ಯೂಟರಿಗೆ ಕನ್ನ ಹಾಕಿದವನು ರಷ್ಯಾದವನೇ ಎಂದು ಆ ಮನೆಯವರು ತೀರ್ಮಾನ ಮಾಡಿಬಿಟ್ಟಿದ್ದರು. ನಾನು ನಿಟ್ಟೂರಿನಾಚೆ ಬಸ್ಸಿಳಿದು, ಕೊಯ್ಲು ಮುಗಿದು ಒಣಗಿದ್ದ ಗದ್ದೆಯ ಬದುವಿನ ಮೇಲೆ ನಡೆದು ಅಂಗಳ ಮುಟ್ಟುವಾಗ, ನನ್ನನ್ನು ಕರೆಸಿದ ಹೆಣ್ಣುಮಗಳ ಮಾವ ಜಗಲಿಯಲ್ಲಿ ಕುಳಿತು ನೆರೆಮನೆಯವರಿಗೆ ಅದನ್ನೇ ವಿವರಿಸುತ್ತಿದ್ದರು.

"ರಷ್ಯಾದಿಂದ ಒಳಗೆ ಬಂದಿದಾನಂತೆ. ಅಲ್ಲಿಂದ ನಮ್ಮನೆ ತಂಕ ಬಂದಾನೆ ಅಂದ್ರೆ ಸಾಮಾನ್ಯದವನಲ್ಲ ಮಾರಾಯ" ಎಂದರು.

ದನಿಯಲ್ಲಿ ಭಯಕ್ಕಿಂತ ಹೆಮ್ಮೆಯೇ ಹೆಚ್ಚಿತ್ತು. ಮೊಬೈಲ್ ಸಿಗ್ನಲ್ ಕೂಡ ಬಾರದ ಊರಿಗೆ ರಷ್ಯಾದವನು ಹುಡುಕಿಕೊಂಡು ಬಂದನೆಂದರೆ ಯಾರಿಗಾದರೂ ಸ್ವಲ್ಪ ಹೆಮ್ಮೆಯಾಗುತ್ತದೆ.

ನಾನು ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವಳು. ಹೆಂಗಸು ಸ್ಕ್ರೂಡ್ರೈವರ್ ಹಿಡಿದದ್ದನ್ನು ನೋಡಿ "ಯಜಮಾನ್ರು ಇಲ್ವಾ" ಎಂದು ಕೇಳುವ ಗಿರಾಕಿಗಳು ಇವತ್ತಿಗೂ ಇದ್ದಾರೆ. ಈ ಹೆಣ್ಣುಮಗಳು ಹಾಗೆ ಕೇಳಲಿಲ್ಲ. ವಾಟ್ಸಾಪಿನಲ್ಲಿ ಕರೆ ಮಾಡಿ ನೇರವಾಗಿ ವಿಷಯಕ್ಕೆ ಬಂದಿದ್ದಳು. "ಮೇಡಂ, ನನ್ನ ಕಂಪ್ಯೂಟರೊಳಗೆ ಯಾರೋ ಕೂತಿದಾರೆ. ತೆಗೆದು ಕೊಡದಿದ್ರೆ ನಂದು ಕೆಲ್ಸ ಹೋಗ್ತದೆ."

ಅವಳ ಕೆಲಸ ಹೀಗಿತ್ತು. ಶಿವಮೊಗ್ಗ, ಉಡುಪಿ ಕಡೆಯ ಕೆಲವು ಆಸ್ಪತ್ರೆಗಳಲ್ಲಿ ಡಾಕ್ಟರುಗಳು ಸ್ಕ್ಯಾನಿಂಗ್ ಮುಗಿಸಿ ವರದಿಯನ್ನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡುತ್ತಾರೆ. ಆ ಧ್ವನಿ ಒಂದು ಕಂಪನಿಯ ಮೂಲಕ ಇವಳ ಕಂಪ್ಯೂಟರಿಗೆ ಬರುತ್ತದೆ. ಇವಳು ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ ಟೈಪು ಮಾಡಿ ಹಿಂದಕ್ಕೆ ಕಳಿಸುತ್ತಾಳೆ. ಈಗ ಯಾರೋ ಇವಳ ಹೆಸರಿನಲ್ಲಿ ಕಂಪನಿಯ ಸೈಟಿನೊಳಗೆ ಹೋಗಿ, ಇವಳಿಗೆ ಸಂಬಂಧವೇ ಇಲ್ಲದ ರೋಗಿಗಳ ವರದಿಗಳಲ್ಲಿ ಹುಡುಕಾಡಿದ್ದರು. ಕಂಪನಿಯವರು ಖಾತೆಗೆ ಬೀಗ ಹಾಕಿ, ಕಂಪ್ಯೂಟರನ್ನು ತಿಳಿದವರ ಕೈಯಲ್ಲಿ ಶುದ್ಧ ಮಾಡಿಸಿ ಅವರ ಸಹಿಯಿರುವ ವರದಿ ಕಳಿಸಿದರೆ ಮಾತ್ರ ಕೆಲಸ, ಇಲ್ಲದಿದ್ದರೆ ಇಲ್ಲ ಎಂದಿದ್ದರು.

ಅವಳು ನನ್ನನ್ನು ತನ್ನ ಕೋಣೆಗೆ ಕರೆದೊಯ್ದಳು. ಮೊದಲು ಅಲ್ಲಿ ಗೊಬ್ಬರದ ಚೀಲ ಪೇರಿಸುತ್ತಿದ್ದರಂತೆ. ಅವಳೇ ಹಟ ಹಿಡಿದು ಖಾಲಿ ಮಾಡಿಸಿ, ಸುಣ್ಣ ಬಳಿದು, ಒಂದು ಬಾಗಿಲು ಕೂರಿಸಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ. ರೋಗಿಗಳ ಗುಟ್ಟು ಹೊರಗೆ ಕೇಳಿಸಬಾರದು ಎನ್ನುವುದು ಕಂಪನಿಯ ನಿಯಮ, ಅದಕ್ಕಾಗಿ.

"ಬಚ್ಚಲು ಬಿಟ್ರೆ ಈ ಮನೇಲಿ ಒಳಗಿಂದ ಚಿಲಕ ಹಾಕ್ಕೊಳ್ಳೋ ಜಾಗ ಇದೊಂದೇ ಮೇಡಂ" ಎಂದಳು. "ಕೆಲ್ಸ ಹೋದ್ರೆ ಚೀಲ ವಾಪಸ್ ಬರ್ತದೆ."

ಹಾಗೆ ಹೇಳುವಾಗ ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಚಿಲಕದ ಬೆಲೆ ನನಗೂ ಗೊತ್ತು.

ಕೆಲಸ ಶುರು ಮಾಡಿದೆ. ಆ ಕಂಪ್ಯೂಟರನ್ನು ತೀರ್ಥಹಳ್ಳಿಯ ಯಾವುದೋ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಒಳಗಿದ್ದ ವಿಂಡೋಸ್ ಕದ್ದದ್ದು. ಟೈಪಿಂಗ್ ಸಾಫ್ಟ್‌ವೇರ್ ಕದ್ದದ್ದು. ಕದ್ದ ಸಾಫ್ಟ್‌ವೇರನ್ನು ಬದುಕಿಸಿಡಲು ವೈರಸ್ ತಡೆಯುವ ಪ್ರೋಗ್ರಾಮನ್ನೇ ಆಫ್ ಮಾಡಿಟ್ಟಿದ್ದರು. ಮಾರಿದವನು ಕೂತಲ್ಲಿಂದಲೇ ರಿಪೇರಿ ಮಾಡಲು ಅನುಕೂಲವಾಗಲೆಂದು ದೂರದಿಂದ ಒಳಬರುವ ಪ್ರೋಗ್ರಾಮೊಂದನ್ನು ಹಾಕಿ, ಅದಕ್ಕೆ ತನ್ನ ಅಂಗಡಿಯ ಹೆಸರನ್ನೇ ಪಾಸ್‌ವರ್ಡ್ ಕೊಟ್ಟಿದ್ದ. ಬಹುಶಃ ಅವನು ಮಾರಿದ ಎಲ್ಲ ಮಷೀನಿಗೂ ಅದೇ ಬೀಗದ ಕೈ ಇರಬೇಕು. ಬ್ರೌಸರ್ ತೆರೆದರೆ ಎಲ್ಲ ಪಾಸ್‌ವರ್ಡೂ ಉಳಿಸಿಟ್ಟಿತ್ತು, ಕೂತವರು ಯಾರೇ ಆಗಲಿ, ಒತ್ತಿದರೆ ಒಳಗೆ. ಇನ್ನು ವೈಫೈ. ಅದರ ಪಾಸ್‌ವರ್ಡನ್ನು ಜಗಲಿಯ ಕಂಬದ ಮೇಲೆ ಮಸಿಯಲ್ಲಿ ಬರೆದಿದ್ದರು. ಆ ಕೇರಿಗೆ ಫೈಬರ್ ಲೈನು ಬಂದಿದ್ದು ಇದೊಂದೇ ಮನೆಗೆ. ಸಂಜೆಯಾದರೆ ಅಕ್ಕಪಕ್ಕದವರೆಲ್ಲ ಬಂದು ಜಗಲಿಯಲ್ಲಿ ಕೂತು ಮೊಬೈಲು ನೋಡುತ್ತಿದ್ದರು.

"ಬಂದೋರಿಗೆ ಬೆಲ್ಲ ನೀರು ಕೊಡ್ತಿದ್ವಿ ಮುಂಚೆ. ಈಗ ಅದರ ಬದ್ಲು ಇದು" ಎಂದರು ಅತ್ತೆ.

ಮಾತೇನೋ ಚೆನ್ನಾಗಿತ್ತು. ನಾನು ಕಂಬ ಒರೆಸಿಸಿದೆ.

ಮೊದಲು ಅವಳ ಸ್ವಂತ ಫೈಲುಗಳನ್ನು ಮಾತ್ರ ಬೇರೆ ಡಿಸ್ಕಿಗೆ ತೆಗೆದು, ನಾನು ತಂದಿದ್ದ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಅವನ್ನೂ ಮಷೀನನ್ನೂ ಸೋಸಿದೆ. ಟೈಪಿಂಗ್ ಸಾಫ್ಟ್‌ವೇರಿನ ಜೊತೆಗೆ ಪಾಸ್‌ವರ್ಡ್ ಕದಿಯುವ ಹುಳ ಒಂದು ನಿಜಕ್ಕೂ ಇತ್ತು. ರಷ್ಯಾದ್ದೋ ರಾಯಚೂರಿನದ್ದೋ ಗೊತ್ತಿಲ್ಲ. ಅದು ಸಿಕ್ಕಾಗ, ಅಪರಾಧಿ ಸಿಕ್ಕಿದ ಅಂತ ನನಗೂ ಸಮಾಧಾನವಾಯಿತು. ಡಿಸ್ಕನ್ನು ಪೂರ್ತಿ ಅಳಿಸಿ, ಲೈಸೆನ್ಸ್ ಇರುವ ವಿಂಡೋಸ್ ಹಾಕಿದೆ. ದಿನನಿತ್ಯದ ಕೆಲಸಕ್ಕೆ ಒಂದು ಸಾದಾ ಖಾತೆ, ಹೊಸ ಪ್ರೋಗ್ರಾಮ್ ಹಾಕುವ ಅಧಿಕಾರವಿರುವ ಖಾತೆ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಪಾಸ್‌ವರ್ಡ್. ಮಷೀನ್ ಕದ್ದೊಯ್ದರೂ ಓದಲು ಬಾರದಂತೆ ಡಿಸ್ಕಿಗೇ ಬೀಗ. ಅಪ್‌ಡೇಟ್ ತನ್ನಷ್ಟಕ್ಕೆ ಆಗುವಂತೆ ಬಿಟ್ಟೆ. ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸುವುದನ್ನು ನಿಲ್ಲಿಸಿದೆ. ರೂಟರಿನ ಕಾರ್ಖಾನೆ ಪಾಸ್‌ವರ್ಡ್ ಬದಲಿಸಿ, ವೈಫೈಯನ್ನು ಎರಡು ಭಾಗ ಮಾಡಿದೆ. ಮನೆಯವರಿಗೆ ಒಂದು, ಜಗಲಿಗೆ ಒಂದು. ಜಗಲಿಯಲ್ಲಿ ಕೂತವರು ಮನೆಯ ಕಂಪ್ಯೂಟರನ್ನು ಮುಟ್ಟುವ ಹಾಗಿಲ್ಲ.

ಕೊನೆಗೆ ಪಾಠ. "ಕಂಪನಿಯವರು ಖಾತೆ ತೆರೆದ ಮೇಲೆ ನಿಮ್ಮ ನಂಬರಿಗೆ ಓಟಿಪಿ ಬರೋ ಹಾಗೆ ಮಾಡ್ತಾರೆ. ಆ ಅಂಕೀನ ಯಾರಿಗೂ ಹೇಳಬಾರದು. ಫೋನಲ್ಲಿ ಕೇಳಿದ್ರೂ ಇಲ್ಲ, ಕಂಪನಿಯವರೇ ಕೇಳಿದ್ರೂ ಇಲ್ಲ" ಎಂದೆ.

"ಇಲ್ಲಪ್ಪ, ಯಾರಿಗೂ ಹೇಳಲ್ಲ" ಎಂದಳು.

ವಾಪಸ್ ಬರುವ ಬಸ್ಸು ನಗರ ಎಂಬ ಊರಿನಲ್ಲಿ ಹಳೇ ಕೋಟೆಯೆದುರು ಬಹಳ ಹೊತ್ತು ನಿಂತಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನೆನಪಾಗಿ, ನಾನಾದರೂ ಪೂರ್ತಿ ಕೊಳ್ಳೆ ಹೋಗುವ ಮೊದಲೇ ಹಾಕಿ ಬಂದೆನಲ್ಲ ಎಂದು ನನಗೆ ನಾನೇ ಭೇಷ್ ಅಂದುಕೊಂಡೆ. ವರದಿ ಕಳಿಸಿದೆ. ಕಂಪನಿಯವರು ಅವಳ ಖಾತೆ ತೆರೆದರು. ಅವಳು ಮತ್ತೆ ಚಿಲಕ ಹಾಕಿಕೊಂಡು ಟೈಪು ಮಾಡತೊಡಗಿದಳು.

ಸ್ವಲ್ಪ ದಿನಕ್ಕೇ ಮತ್ತೆ ಕರೆ ಬಂತು. ಈ ಸಲ ಅವಳ ದನಿ ಬೇರೆಯೇ ಇತ್ತು.

"ಎಲ್ಲ ಬಂದೋಬಸ್ತ್ ಮಾಡಿದೀನಿ ಅಂದ್ರಲ್ಲ. ಮತ್ತೆ ಬಂದಿದಾರೆ ಮೇಡಂ. ಇದೇ ಕೊನೆ ಸಲ, ಯಾಕಾಯ್ತು ಅಂತ ಬರೆದು ಕೊಡಿ ಅಂದಿದಾರೆ ಕಂಪನಿಯವ್ರು. ನೀವು ಎಂತ ಮಾಡಿದ್ದು ಹಂಗಾದ್ರೆ?"

ಮೈಯೆಲ್ಲ ಉರಿಯಿತು. ಅವಳ ಮೇಲೋ ನನ್ನ ಮೇಲೋ ಹೇಳಲಾರೆ. ಮರುದಿನದ ಮೊದಲ ಬಸ್ಸಿಗೇ ಹೊರಟೆ.

ಕಂಪ್ಯೂಟರನ್ನು ಮೂಲೆಮೂಲೆ ಜಾಲಾಡಿದೆ. ಶುದ್ಧವಾಗಿತ್ತು, ನಾನು ಬಿಟ್ಟುಹೋದ ಹಾಗೇ ಇತ್ತು. ಕಂಪನಿಯ ಭದ್ರತೆ ವಿಭಾಗದವರು ಕಳಿಸಿದ ವಿವರವನ್ನು ತೆರೆದು ಕೂತೆ. ಕಳ್ಳ ಹಳೆಯ ಪಾಸ್‌ವರ್ಡನ್ನು ಬಳಸಿರಲೇ ಇಲ್ಲ. "ಪಾಸ್‌ವರ್ಡ್ ಮರೆತಿದ್ದೇನೆ" ಎಂಬುದನ್ನು ಒತ್ತಿದ್ದ. ಇವಳ ನಂಬರಿಗೆ ಓಟಿಪಿ ಹೋಗಿತ್ತು. ಆ ಓಟಿಪಿಯನ್ನು ಒಂದೇ ಸಲಕ್ಕೆ ಸರಿಯಾಗಿ ಹಾಕಿ, ಹೊಸ ಪಾಸ್‌ವರ್ಡ್ ಕೊಟ್ಟುಕೊಂಡು ಒಳಗೆ ಹೋಗಿದ್ದ. ಕಂಪ್ಯೂಟರಿನಿಂದ ಅಲ್ಲ, ಮೊಬೈಲಿನಿಂದ. ಹಾಡಹಗಲು. ಆ ಹೊತ್ತಿನಲ್ಲಿ ಇವಳು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿದ್ದಳು, ಕೋಣೆಗೆ ಬೀಗ ಹಾಕಿತ್ತು.

ಇನ್ನೊಂದು ಸಾಲಿತ್ತು. ಯಾವ ಇಂಟರ್ನೆಟ್ ವಿಳಾಸದಿಂದ ಬಂದ ಎಂಬುದು. ಅದನ್ನು ರೂಟರಿನೊಳಗೆ ಉಳಿದಿದ್ದ ಆ ದಿನದ ದಾಖಲೆಯ ಪಕ್ಕದಲ್ಲಿಟ್ಟು ನೋಡಿದೆ. ಎರಡೂ ಒಂದೇ. ನಂಬಿಕೆ ಬರದೆ ಮತ್ತೊಮ್ಮೆ ನೋಡಿದೆ. ರಷ್ಯಾದವನು ಇದೇ ಮನೆಯ ವೈಫೈಯಲ್ಲಿ ಕೂತಿದ್ದ. ಅದೂ ಜಗಲಿಯ ವೈಫೈಯಲ್ಲಲ್ಲ, ಮನೆಯವರ ವೈಫೈಯಲ್ಲಿ.

ನಾನು ಒಮ್ಮೆಲೇ ಬಾಯಿ ಬಿಡಲಿಲ್ಲ. ಓಟಿಪಿಯ ಗಂಟು ಬಿಚ್ಚದೆ ಯಾರ ಮೇಲೆ ಬೆರಳು ತೋರಿಸುವುದು? "ನಿಮ್ಮ ಫೋನ್ ಆವತ್ತು ಯಾರ ಕೈಲಿತ್ತು?" ಎಂದು ಕೇಳಿದೆ.

"ನನ್ ಕೈಲೇ ಇತ್ತು, ಸಭೆಗೆ ಒಯ್ದಿದ್ದೆ."

"ಓಟಿಪಿ ಬಂದಿದ್ದು ನೋಡಿದ್ರಾ?"

"ಈ ಫೋನಿಗೆ ಹೆಂಗೆ ಬರ್ತದೆ? ಸಿಮ್ಮು ಮೋರಿಕಟ್ಟೆ ಹತ್ರ ಅಲ್ವಾ ಇರೋದು" ಎಂದಳು, ಸೂರ್ಯ ಮೂಡಲಲ್ಲಿ ಹುಟ್ಟುತ್ತಾನೆ ಎನ್ನುವಷ್ಟು ಸಹಜವಾಗಿ.

ಅವಳನ್ನು ಕರೆದುಕೊಂಡು ನಡೆದೆ. ಊರಿಂದ ಮೇಲೆ, ಡಾಂಬರು ರಸ್ತೆ ತಿರುಗುವ ಏರಿನಲ್ಲಿ ಒಂದು ಮೋರಿ, ಮೋರಿಯ ಕಟ್ಟೆ, ಕಟ್ಟೆಯ ಪಕ್ಕ ಒಂದು ಗೂಡಂಗಡಿ. ಸುತ್ತಲಿಗೆಲ್ಲ ಮೊಬೈಲ್ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅಂಗಡಿಯ ಒಳಗೋಡೆಗೆ ಸಾಲಾಗಿ ಮೊಳೆ ಹೊಡೆದು, ಎಲೆಯಡಿಕೆಯ ಬಟ್ಟೆ ಸಂಚಿಗಳನ್ನು ನೇತುಹಾಕಿದ್ದರು. ಒಂದೊಂದು ಸಂಚಿಯಲ್ಲಿ ಒಂದೊಂದು ಹಳೇ ಗುಂಡಿ ಫೋನು. ಸಂಚಿಯ ಮೇಲೆ ದಾರದಲ್ಲಿ ಹೊಲಿದ ಮನೆಯ ಹೆಸರು: ಮೇಲಿನಮನೆ, ಕೆಳಗಿನಮನೆ, ಹೊಸಮನೆ, ಬಾವಿಮನೆ. ಊರಿನ ಸಿಮ್ಮುಗಳೆಲ್ಲ ಅಲ್ಲಿ ವಾಸ. ಅವುಗಳ ಒಡೆಯರು ವೈಫೈ ಇರುವ ಯಾವುದಾದರೂ ಜಗಲಿಯಲ್ಲಿ ಕೂತು ವಾಟ್ಸಾಪು ನೋಡುತ್ತಿರುತ್ತಾರೆ.

ಅಂಗಡಿಯವರು ವಯಸ್ಸಾದವರು, ಒಳ್ಳೆಯ ಮನುಷ್ಯ. ಅವರ ಒಳ್ಳೆಯತನದ ಮೇಲೆ ನನಗೆ ಈಗಲೂ ಸಂಶಯವಿಲ್ಲ, ಅದೇ ಕಷ್ಟ.

"ರೇಷನ್ ಅಂಗಡೀಲಿ ಬೆರಳು ತಗೊಳ್ಳದಿದ್ರೆ ಓಟಿಪಿ ಕೇಳ್ತಾರಲ್ಲಮ್ಮ, ಆವಾಗ ಶುರು ಆಗಿದ್ದು" ಎಂದರು. "ಮುದುಕ್ರು ಗುಡ್ಡ ಹತ್ತಿ ಇಲ್ಲಿ ತಂಕ ಬಂದು ಕಾಯೋದು ಯಾಕೆ ಅಂತ. ಈಗ ಗ್ಯಾಸ್ ಆಗ್ಲಿ, ಪೆನ್ಷನ್ ಆಗ್ಲಿ, ಯಾವ ಸಂಚಿ ಕುಂಯ್ ಅಂತದೋ ಅದನ್ನ ತೆಗೆದು ನೋಡಿ ಗ್ರೂಪಿಗೆ ಹಾಕ್ತೀನಿ. ತಡ ಮಾಡಲ್ಲ. ತಡ ಆದ್ರೆ ಓಟಿಪಿ ಸತ್ತು ಹೋಗ್ತದೆ."

ಗ್ರೂಪ್ ತೋರಿಸಿದರು. ಹೆಸರು "ಮೋರಿಕಟ್ಟೆ ಓಟಿಪಿ". ಊರಿನ ಎಲ್ಲ ಮನೆಯವರೂ ಅದರಲ್ಲಿದ್ದರು. ಮನೆಯ ಹೆಸರು, ಪಕ್ಕದಲ್ಲಿ ಅಂಕಿ. ಮನೆಯ ಹೆಸರು, ಪಕ್ಕದಲ್ಲಿ ಅಂಕಿ. ಮೇಲಕ್ಕೆ ಎಳೆದಷ್ಟೂ ಅದೇ.

"ಇದನ್ನ ಯಾರಾದ್ರೂ ಬಳಸಿಕೊಂಡ್ರೆ?" ಎಂದೆ.

"ಯಾರು ಬಳಸ್ತಾರೆ? ಗ್ರೂಪಲ್ಲಿ ಹೊರಗಿನೋರು ಒಬ್ರೂ ಇಲ್ಲ. ನಂಗೆ ಅಷ್ಟು ಗೊತ್ತಾಗಲ್ವಾ?"

ನಾನು ಅವಳ ಕಡೆ ತಿರುಗಿದೆ. "ಯಾರಿಗೂ ಹೇಳಬೇಡಿ ಅಂದಿದ್ನಲ್ಲ ಮಾರಾಯ್ತಿ."

"ಯಾರಿಗೂ ಹೇಳಿಲ್ಲ ಅಕ್ಕ" ಎಂದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಲೆಕ್ಕದಲ್ಲಿ ಯಾರೋ ಅಂದರೆ ಹೊರಗಿನವರು. ಮೋರಿಕಟ್ಟೆಯ ಅಜ್ಜ, ಕೆಳಗಿನಮನೆಯ ಅತ್ತಿಗೆ, ಬಾವಿಮನೆಯ ದೊಡ್ಡಪ್ಪ ಇವರೆಲ್ಲ ಯಾರೋ ಹೇಗಾಗುತ್ತಾರೆ? ನಾನು ಓದಿದ ಭದ್ರತೆಯ ಪಾಠಗಳೆಲ್ಲ ಮನೆಯ ಹೊರಗೆ ಕಳ್ಳರು, ಒಳಗೆ ಮನೆಯವರು ಎಂದು ಗೆರೆ ಎಳೆದು ಶುರುವಾಗುತ್ತವೆ. ಈ ಊರಿನಲ್ಲಿ ಆ ಗೆರೆ ಎಳೆಯಲು ಜಾಗವೇ ಇರಲಿಲ್ಲ.

ಇಳಿಯುತ್ತ ಬರುವಾಗ ಅವಳನ್ನು ನಿಲ್ಲಿಸಿ ರೂಟರಿನ ವಿಷಯ ಹೇಳಿದೆ. ಕಳ್ಳ ಮನೆಯವರ ವೈಫೈಯಲ್ಲೇ ಇದ್ದ ಅಂದೆ. ಅವಳು ಹಿಂದೆ ತಿರುಗಿ ಏರಿನ ಕಡೆ ನೋಡಿದಳು. ಆಮೇಲೆ, "ಕಂಪನಿಯವ್ರು ಏನಂದ್ರು ಗೊತ್ತಾ? ಎರಡು ಸಲವೂ ಹುಡುಕಿದ್ದು ಒಂದೇ ಪೇಷೆಂಟಿನ ವರದಿಯಂತೆ. ತೀರ್ಥಹಳ್ಳಿ ತಾಲೂಕಿನ ಹುಡುಗಿಯಂತೆ" ಎಂದಳು.

"ನಿಮಗೆ ಗೊತ್ತಿರೋ ಹುಡುಗಿಯಾ?"

"ಹೆಸರು ಹೇಳಿಲ್ಲ ಅವ್ರು. ಆದ್ರೆ ನನ್ನ ಮೈದುನನಿಗೆ ತೀರ್ಥಹಳ್ಳಿ ಕಡೆ ಒಂದು ಹೆಣ್ಣು ನೋಡಿದಾರೆ. ಆ ಹುಡುಗಿ ಹೊಟ್ಟೆನೋವು ಅಂತ ಸ್ಕ್ಯಾನಿಂಗಿಗೆ ಹೋಗಿದ್ಲು ಅಂತ ಯಾರೋ ಕಿವಿ ಊದಿದ್ರು. ಏನು ಬಂದಿದೆ ನೋಡಿ ಹೇಳು ಅಂತ ಮನೇಲಿ ಕೇಳಿದ್ರು. ನಾನು ಸತ್ರೂ ಹೇಳಲ್ಲ ಅಂದಿದ್ದೆ."

ನನ್ನ ಹತ್ತಿರ ಕಳ್ಳನ ಮೊಬೈಲಿನ ಮಾದರಿ ಇತ್ತು. ಕಂಪನಿಯ ವಿವರದಲ್ಲೂ ಅದೇ, ರೂಟರಿನ ದಾಖಲೆಯಲ್ಲೂ ಅದೇ. ಮಾದರಿಯ ಹೆಸರು ಓದಿದೆ. ಅವಳು ಗದ್ದೆಯ ಬದುವಿನ ಮೇಲೆ ಕೂತುಬಿಟ್ಟಳು. ಅದು ಅವಳ ಗಂಡನ ಫೋನು, ಹೋದ ದೀಪಾವಳಿಗೆ ಇವಳೇ ಕೊಡಿಸಿದ್ದು. ಬೇಲಿಯೇ ಎದ್ದು ಹೊಲ ಮೇಯ್ದ ಕತೆ.

ಗಂಡ ಗೂಡ್ಸ್ ಗಾಡಿ ಓಡಿಸುವವನು. ಮಧ್ಯಾಹ್ನದ ಊಟಕ್ಕೆ ಬಂದವನನ್ನು ಜಗಲಿಯಲ್ಲೇ ಕೂರಿಸಿ ಕೇಳಿದೆ. ಕೂಗಾಡುತ್ತಾನೆ, ಅಲ್ಲಗಳೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೈ ಒರೆಸಿಕೊಳ್ಳುತ್ತ, "ಹೌದು, ನಾನೇ ನೋಡಿದ್ದು. ಅದಕ್ಕೆ ಎಂತ ಆಯ್ತೀಗ?" ಎಂದ.

ಮೊದಲ ಸಲ ಹೆಂಡತಿ ಸ್ನಾನಕ್ಕೆ ಹೋದಾಗ ಕಂಪ್ಯೂಟರಿನಲ್ಲೇ ಹುಡುಕಿದ್ದ. ಪಾಸ್‌ವರ್ಡ್ ಉಳಿಸಿಟ್ಟಿದ್ದರಿಂದ ಕಷ್ಟವೇ ಆಗಿರಲಿಲ್ಲ, ಆದರೆ ಆಗಿನ್ನೂ ಆ ಹುಡುಗಿಯ ವರದಿ ಬಂದಿರಲಿಲ್ಲ. ನಾನು ಬಂದು ಎಲ್ಲ ಅಳಿಸಿ ಬೀಗ ಜಡಿದ ಮೇಲೆ, ಹೆಂಡತಿ ಸಭೆಗೆ ಹೋದ ದಿನ ಮೊಬೈಲಿನಲ್ಲಿ ಪ್ರಯತ್ನಿಸಿದ್ದ. ಒತ್ತಿದ, ಗ್ರೂಪಿನಲ್ಲಿ ಮನೆಯ ಹೆಸರಿನ ಪಕ್ಕ ಅಂಕಿ ಬಂತು, ಹಾಕಿದ. ಅವನ ಲೆಕ್ಕಕ್ಕೆ ಅದು ಗ್ಯಾಸ್ ಬುಕ್ ಮಾಡಿದಷ್ಟೇ ಆಗಿತ್ತು.

"ಹೆಣ್ಣು ತರೋ ಮುಂಚೆ ನಾಲ್ಕು ಕಡೆ ವಿಚಾರಿಸೋದಿಲ್ವಾ ಅಮ್ಮ?" ಎಂದರು ಅತ್ತೆ ನಡುವೆ ಬಂದು. "ಅವ್ರೂ ನಮ್ಮನ್ನ ವಿಚಾರಿಸಿದಾರೆ. ಮನೆ ಕಂಪ್ಯೂಟರು, ಮನೆ ಸೊಸೆ, ಮನೆ ಮದುವೆ. ಇದ್ರಲ್ಲಿ ಕಳ್ಳತನ ಎಂತದ್ದು?"

"ಆ ಹುಡುಗಿ ನಿಮ್ಮ ಮನೆಯವಳಲ್ಲವಲ್ಲ" ಎಂದೆ.

"ಆಗೋಳಿದ್ಲಲ್ಲ" ಎಂದರು.

ಇದ್ದಳು ಎಂದರೆ ಈಗ ಇಲ್ಲ ಎಂದು. ಗಂಡ ವರದಿ ಓದಿದ್ದ, ಅರ್ಥವಾಗಿರಲಿಲ್ಲ. ಅಂಡಾಶಯದಲ್ಲಿ ಸಿಸ್ಟ್ ಎಂಬ ಒಂದು ಮಾತು ಕಣ್ಣಿಗೆ ಬಿದ್ದಿತ್ತು. ಗಡ್ಡೆ ಅಂತೆ ಎಂದು ಮನೆಯಲ್ಲಿ ಹೇಳಿದ. ಮನೆಯವರು ಮದುವೆ ಮಾತಾಡಿಸಿದ ನೆಂಟರಿಗೆ ಹೇಳಿದರು. ಅಲ್ಲಿಗೆ ಸಂಬಂಧ ಮುರಿಯಿತು.

ಅಷ್ಟು ಹೊತ್ತು ಕಂಬ ಹಿಡಿದು ನಿಂತಿದ್ದ ಅವಳು ಆಗ ಮಾತಾಡಿದಳು. "ದಿನಾ ಅದೇ ಪದ ಟೈಪ್ ಮಾಡ್ತೀನಿ ನಾನು. ಬಹಳಷ್ಟು ಸಲ ಅದು ಕಾಯಿಲೆನೇ ಅಲ್ಲ, ಎಷ್ಟೋ ಹೆಂಗಸ್ರಿಗೆ ಬರ್ತದೆ, ತಂತಾನೇ ಹೋಗ್ತದೆ. ಗಡ್ಡೆಯಂತೆ, ಗಡ್ಡೆ." ಗಂಡನ ಮುಖವನ್ನು ನೋಡದೆ ಹೇಳಿದಳು.

"ಮೊದ್ಲೇ ಹೇಳಬೇಕಿತ್ತು ನೀನು" ಎಂದ ಗಂಡ.

ಈ ಮಾತು ಕೇಳಿ ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವಳು ಬಾಯಿ ಮುಚ್ಚಿಕೊಂಡದ್ದೇ ಅವಳ ಕೆಲಸದ ನಿಯತ್ತು, ಅದೇ ಈಗ ಅವಳ ತಪ್ಪಾಯಿತು. ಚಹಾ ಕೊಟ್ಟರು. ಕುಡಿದೆ. ಬಿಟ್ಟು ಏಳುವಷ್ಟು ಧೈರ್ಯ ನನಗೂ ಇರಲಿಲ್ಲ, ಅದು ಅವಳು ಮಾಡಿದ ಚಹಾ.

ಆಮೇಲೆ ವರದಿಯ ಮಾತು ಬಂತು. ಯಾಕಾಯಿತು ಎಂದು ಬರೆದು ಕಂಪನಿಗೆ ನಾನೇ ಸಹಿ ಹಾಕಿ ಕಳಿಸಬೇಕಿತ್ತು. ಮಾವ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು ಕೂತರು.

"ನೀವು ವೈರಸ್ ಅಂತ ಬರೆದುಬಿಡಿ. ಹೆಂಗೂ ಒಂದು ಸಿಕ್ಕಿತ್ತಲ್ಲ. ವೈರಸ್ಸಿಗೆ ಮನೆ ಇಲ್ಲ, ಮರ್ಯಾದೆ ಇಲ್ಲ. ಸೊಸೆ ಕೆಲ್ಸನೂ ಉಳೀತದೆ, ಮನೆ ಮಾನನೂ ಉಳೀತದೆ. ನಿಮಗೇನು ನಷ್ಟ ಹೇಳಿ."

ಬರೆಯಬಹುದಿತ್ತು. ಕಂಪನಿಯವರು ಅದನ್ನು ನಂಬುತ್ತಿದ್ದರು ಕೂಡ, ಅವರಿಗೂ ರಷ್ಯಾದವನೇ ಅನುಕೂಲ. ಮೊದಲ ಸಲದ ಹುಳದ ಚಿತ್ರ ನನ್ನ ಬಳಿ ಇತ್ತು, ಎರಡು ಸಾಲು ತಿರುಚಿದರೆ ಸಾಕಿತ್ತು. ಓಟಿಪಿಯ ಬದಲು ಸಿಗ್ನಲ್ ಬೇಡದ ಬೇರೆ ದಾರಿ ಹಾಕಿಕೊಡಿ, ಅವಳ ಮೊಬೈಲಿನಲ್ಲೇ ಅಂಕಿ ಹುಟ್ಟುವ ಆ್ಯಪ್ ಇದೆ ಎಂದು ಕಂಪನಿಗೆ ಸಲಹೆ ಕೊಟ್ಟು ಮುಗಿಸಬಹುದಿತ್ತು. ತೀರ್ಥಹಳ್ಳಿಯ ಆ ಹುಡುಗಿ ಇಲ್ಲಿ ಇರಲಿಲ್ಲ. ಎದುರಿಗಿದ್ದವಳು ಇವಳು. ಕೋಣೆಗೆ ಹೋಗಿ ಬಾಗಿಲು ಹಾಕಿ, ನಾನೇ ಚಿಲಕ ಹಾಕಿ, ಅವಳನ್ನು ಕೇಳಿದೆ.

"ನೀವು ಹೇಳಿದ ಹಾಗೆ ಬರೀತೀನಿ. ನಿಜ ಬರೆದ್ರೆ ಕೆಲ್ಸ ಉಳಿಯೋದು ಕಷ್ಟ."

ಅವಳು ಕೀಬೋರ್ಡಿನ ಮೇಲಿನ ಬಟ್ಟೆಯ ಮುಸುಕನ್ನು ಸರಿ ಮಾಡಿದಳು. ಮತ್ತೆ ತೆಗೆದಳು. ಮತ್ತೆ ಸರಿ ಮಾಡಿದಳು.

"ವೈರಸ್ ಅಂತ ಬರೆದ್ರೆ ಮುಂದಿನ ಸಂಬಂಧಕ್ಕೂ ಇವ್ರು ಹಿಂಗೇ ವಿಚಾರಿಸ್ತಾರೆ ಅಕ್ಕ. ಆಮೇಲೆ ಕೆಳಗಿನಮನೆಯವ್ರೂ ಬಂದು ಕೇಳ್ತಾರೆ. ನಾನು ಟೈಪ್ ಮಾಡೋಳಲ್ಲ, ಊರಿಗೆಲ್ಲ ಬಾಗಿಲು ತೆಗೆದುಕೊಡೋಳಾಗ್ತೀನಿ. ನಿಜನೇ ಬರೀರಿ. ನಾನು ನೋಡಿಲ್ಲ, ನಾನು ಹೇಳಿಲ್ಲ ಅನ್ನೋದನ್ನ ಮಾತ್ರ ಸ್ವಲ್ಪ ದೊಡ್ಡದಾಗಿ ಬರೀರಿ."

ಹಾಗೇ ಬರೆದೆ. ಕಂಪ್ಯೂಟರ್ ಶುದ್ಧವಾಗಿದೆ, ಒಳಗೆ ಬಂದದ್ದು ಮನೆಯದೇ ಫೋನು, ಓಟಿಪಿ ಸಿಕ್ಕಿದ್ದು ಹೀಗೆ, ಖಾತೆಯ ಒಡತಿ ಆ ಹೊತ್ತಿನಲ್ಲಿ ಮನೆಯಲ್ಲಿರಲಿಲ್ಲ, ಮನೆಯವರು ರೋಗಿಯ ವಿವರ ಕೇಳಿದಾಗ ಆಕೆ ಮೊದಲೇ ನಿರಾಕರಿಸಿದ್ದಳು. ಆ ಆ್ಯಪಿನ ಸಲಹೆಯನ್ನೂ ಸೇರಿಸಿದೆ. ವರದಿ ಸೋರಿಹೋದ ಹುಡುಗಿಗೆ ವಿಷಯ ತಿಳಿಸಬೇಕು ಎಂದೂ ಬರೆದೆ. ಹೊರಡುವಾಗ ಜಗಲಿಯಲ್ಲಿ ಯಾರೂ ನನಗೆ "ಹೋಗಿ ಬನ್ನಿ" ಎನ್ನಲಿಲ್ಲ.

ಕಂಪನಿಯ ಮ್ಯಾನೇಜರ್ ಫೋನು ಮಾಡಿದರು. ಬಹಳ ನಯವಾದ ಹೆಂಗಸು. ಇಷ್ಟು ಸ್ಪಷ್ಟವಾದ ವರದಿ ತಾವು ನೋಡೇ ಇಲ್ಲ ಎಂದು ಹೊಗಳಿದರು. ಆಮೇಲೆ, "ಆಕೆಯ ತಪ್ಪಿಲ್ಲ ಅಂತ ನಮಗೂ ಗೊತ್ತಾಯಿತು. ಆದರೆ ಅಪಾಯ ಮನೆಯೊಳಗೇ ಇರುವಾಗ ಮನೆಯಿಂದ ಕೆಲಸ ಹೇಗೆ ಕೊಡುವುದು, ನೀವೇ ಹೇಳಿ" ಎಂದರು. ನಾನು ಹುಡುಗಿಯ ವಿಷಯ ಕೇಳಿದೆ. ನಿಯಮದ ಪ್ರಕಾರ ನೋಡಿಕೊಳ್ಳುತ್ತೇವೆ ಎಂದರು. ನೋಡಿಕೊಂಡರೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗಲೆಲ್ಲ, ಇಲ್ಲೇ ಎಲ್ಲೋ ಒಬ್ಬಳು ಯಾವ ಕಾರಣಕ್ಕೆ ಸಂಬಂಧ ತಪ್ಪಿತೆಂದು ಗೊತ್ತಿಲ್ಲದೆ ಓಡಾಡುತ್ತಿರಬಹುದು ಎನಿಸುತ್ತದೆ.

ಕೊನೆಯ ಸಲ ಹೋಗಿದ್ದು ಮಷೀನಿನಿಂದ ಕಂಪನಿಯ ಎಲ್ಲವನ್ನೂ ಅಳಿಸಿ, ಖಾತೆ ಮುಚ್ಚಿಸಿ, ಅಳಿಸಿದೆ ಎಂದು ಬರೆದುಕೊಡಲು. ಕಂಪನಿಯವರೇ ನನ್ನನ್ನು ಕಳಿಸಿದರು, ನನ್ನ ವರದಿ ಅಷ್ಟು ಇಷ್ಟವಾಗಿತ್ತು. ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ಹೊಸಬರೊಬ್ಬರು ಬಂದು ಅವಳೆದುರು ಎಲ್ಲ ಕೆದಕುವುದು ಬೇಡವೆಂದು ನಾನೇ ಹೋದೆ.

ಕೋಣೆಯ ಹೊರಗೆ ಗೋಡೆಗೆ ಒರಗಿಸಿ ಗೊಬ್ಬರದ ಚೀಲಗಳನ್ನು ಆಗಲೇ ತಂದಿಟ್ಟಿದ್ದರು. ಬಾಗಿಲು ತೆರೆದೇ ಇತ್ತು. ಜಗಲಿಯಲ್ಲಿ ಮಾವ, ಗಂಡ, ನೆರೆಮನೆಯವರು ಒಬ್ಬಿಬ್ಬರು ಮೊಬೈಲು ನೋಡುತ್ತ ಕೂತಿದ್ದರು. ಕಂಬದ ಮೇಲೆ ಹೊಸ ಪಾಸ್‌ವರ್ಡನ್ನು ಮತ್ತೆ ಬರೆದಿದ್ದರು, ಈ ಸಲ ಒರೆಸಲು ಬಾರದಂತೆ ಬಣ್ಣದಲ್ಲಿ.

"ಸಿಮ್ಮು ವಾಪಸ್ ತಂದ್ರಾ?" ಎಂದು ಕೇಳಿದೆ.

"ತಂದು ಎಂತ ಮಾಡ್ಲಿ ಅಕ್ಕ? ಕಾಪಾಡೋಕೆ ಏನುಳಿದಿದೆ? ಗ್ಯಾಸಿಗೆ, ರೇಷನ್ನಿಗೆ ಅಲ್ಲೇ ಬೇಕಲ್ಲ" ಎಂದಳು.

ಧ್ವನಿ ಫೈಲುಗಳನ್ನು ಅಳಿಸಿದೆ. ಕಂಪನಿಯ ಪ್ರೋಗ್ರಾಮನ್ನು ಕಿತ್ತೆ. ಅವಳು ಪಕ್ಕದ ಸ್ಟೂಲಿನಲ್ಲಿ ಕೂತು, ಇಷ್ಟು ದಿನ ಕಿವಿಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನಿನ ವೈರನ್ನು ಅಚ್ಚುಕಟ್ಟಾಗಿ ಸುತ್ತಿದಳು. ಕೊನೆಗೆ ಖಾತೆ ಮುಚ್ಚುವ ಪುಟ ತೆರೆದೆ. ನಿಜವಾಗಿಯೂ ಮುಚ್ಚಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದೆ. ನಿಮ್ಮ ನಂಬರಿಗೆ ಒಂದು ಓಟಿಪಿ ಕಳಿಸಿದ್ದೇವೆ, ದಯವಿಟ್ಟು ಅದನ್ನು ಯಾರಿಗೂ ಹೇಳಬೇಡಿ ಎಂದಿತು.

ಅವಳು ಎದ್ದು ಕಿಟಕಿಯಲ್ಲಿಟ್ಟಿದ್ದ ತನ್ನ ಮೊಬೈಲಿಗೆ ಕೈ ಚಾಚಿದಳು. ಅಷ್ಟರಲ್ಲಿ ಜಗಲಿಯಿಂದ ಗಂಡ ಕೂಗಿದ.

"ಬಂತು ನೋಡೇ ನಿಂದು, ಬರ್ಕೋ" ಎಂದು ಅಂಕಿಗಳನ್ನು ಒಂದೊಂದಾಗಿ, ನಮಗೆ ಕೇಳಿಸುವ ಹಾಗೆ, ಬಿಡಿಸಿ ಓದತೊಡಗಿದ. ಹಿಂದಿನಿಂದ ನೆರೆಮನೆಯವರೂ ಒಬ್ಬರು ದನಿಗೂಡಿಸಿದರು.

ಅವಳು ನನ್ನ ಮುಖ ನೋಡಿದಳು. ನಾನು ಕೀಬೋರ್ಡಿನತ್ತ ತಿರುಗಿ, ಅವರು ಹೇಳಿದ ಅಂಕಿಗಳನ್ನು ಹೇಳಿದ ಹಾಗೇ ಒತ್ತಿದೆ.